ತೋಟದ ಮೇಲೆ 220 ಕೆವಿ ಲೈನು ಬರ್ತಿದೆ, ಪಂಚಾಯ್ತಿ ತಡೀಬಹುದಾ?

ಪ್ರಶ್ನೆ: ಸರ್, ನಮ್ಮದು ತುಮಕೂರು ಜಿಲ್ಲೆ. ಮೂರೂವರೆ ಎಕರೆ ತೋಟ, ತೆಂಗಿನ ಮಧ್ಯೆ ಅಡಿಕೆ ಹಾಕಿದೀವಿ, ಅಡಿಕೆ ಈಗ ಫಸಲಿಗೆ ಬಂದಿದೆ. ಹೋದ ತಿಂಗಳು ಸರ್ವೆಯವರು ಬಂದು ತೋಟದ ನಡುಮಧ್ಯೆ ಕೆಂಪು ಬಣ್ಣದ ಗೂಟ ಹೊಡೆದು ಹೋದ್ರು. ಕೇಳಿದ್ರೆ ಹೋಬಳಿಗೆ ಕರೆಂಟಿನ ಹೊಸ ರಿಸೀವಿಂಗ್ ಸ್ಟೇಷನ್ ಆಗ್ತಿದೆ, ಅದಕ್ಕೆ 220 ಕೆವಿ ಲೈನು, ಇಲ್ಲೊಂದು ಟವರ್ ಬರತ್ತೆ ಅಂದ್ರು. ಗ್ರಾಮ ಪಂಚಾಯ್ತಿಯಲ್ಲಿ ಲೈನು ಬೇಡ ಅಂತ ಠರಾವು ಮಾಡಿಸಿದ್ವಿ, ಆದ್ರೆ ಕಾಂಟ್ರಾಕ್ಟರ್ ಕಡೆಯವರು ಅದು ಯಾವ ಲೆಕ್ಕಕ್ಕೂ ಇಲ್ಲ, ಡಿಸಿ ಆರ್ಡರ್ ತಂದು ಪೊಲೀಸ್ ಇಟ್ಕೊಂಡು ಕೆಲಸ ಮಾಡ್ತೀವಿ ಅಂತಾರೆ. ಪಕ್ಕದಲ್ಲಿ ದೊಡ್ಡವರೊಬ್ಬರ ಜಮೀನು ಹತ್ರ ಲೈನು ಸೊಟ್ಟಕ್ಕೆ ತಿರುಗಿದೆ, ಅದಕ್ಕೇ ನಮ್ಮ ಮೇಲೆ ಬಂತು ಅಂತ ಊರಲ್ಲಿ ಮಾತು. ಮನೆ ಲೈನಿಂದ 40 ಮೀಟರ್ ದೂರ ಇದೆ, ಚಿಕ್ಕ ಮಗು ಇದೆ, ಕ್ಯಾನ್ಸರ್ ಬರತ್ತೆ ಅಂತ ಮನೆಯವರು ಹೆದರಿದಾರೆ. ನೆಲದ ಒಳಗೆ ಕೇಬಲ್ ಹಾಕಿ ಅಂತ ಕೇಳಬಹುದಾ? ಪರಿಹಾರ ಎಷ್ಟು ಬರತ್ತೆ? ಜಮೀನು ನಮ್ಮ ಹೆಸರಲ್ಲೇ ಉಳಿಯತ್ತಾ, ಬ್ಯಾಂಕಲ್ಲಿ ಸಾಲ ಸಿಗತ್ತಾ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನೀವು ತುಂಬಾ ಕೇಳಿದೀರಿ, ಎಲ್ಲದಕ್ಕೂ ಬರ್ತೀನಿ, ಆದ್ರೆ ಮೊದಲು ನೀವೇ ತೋಟಕ್ಕೆ ಹೋಗಿ ಒಂದು ನೋಡ್ಕೊಂಡು ಬನ್ನಿ. ನಿಮ್ಮಲ್ಲಿರೋದು ಬರೀ ಗೂಟ. ಅದರ ಹಿಂದಿನ ಟವರ್ ಜಾಗದಲ್ಲಿ, ಮುಂದಿನ ಟವರ್ ಜಾಗದಲ್ಲಿ ಏನಾಗಿದೆ? ಅಲ್ಲೂ ಗೂಟನೇ ಇದೆಯಾ, ಇಲ್ಲ ಗುಂಡಿ ತೆಗೆದು ಕಾಂಕ್ರೀಟ್ ಹಾಕಿ ಸ್ಟಬ್ (ಟವರ್ ಕಾಲಿನ ಬುಡದ ಕಬ್ಬಿಣ) ನಿಲ್ಲಿಸಿಬಿಟ್ಟಿದಾರಾ? ಆ ಎರಡು ಕಡೆ ಕಾಂಕ್ರೀಟ್ ಬಿದ್ದಿದ್ರೆ ನಿಮ್ಮ ಲೈನು ಹೆಚ್ಚೂಕಮ್ಮಿ ಅಲ್ಲೇ ಗಟ್ಟಿಯಾಯ್ತು ಅಂತ ಅರ್ಥ, ಬಿದ್ದಿಲ್ಲ ಅಂದ್ರೆ ಮಾತಾಡೋಕೆ ಜಾಗ ಇದೆ. ನಾನು ಲೈನ್ ಸರ್ವೆ, ಟವರ್ ನಿಲ್ಲಿಸೋದು, ತಂತಿ ಎಳೆಯೋದು, ಇದೇ ಕೆಲಸದಲ್ಲಿ ಸರ್ವೀಸ್ ಮುಗಿಸಿದೋನು, ಅಂದ್ರೆ ನಿಮ್ಮಂಥ ರೈತರ ಎದುರು ಮೇಜಿನ ಆ ಕಡೆ ಕೂತಿದ್ದೋನು. ರೈತರು ಬರ್ತಿದ್ದಿದ್ದೇ ತಡವಾಗಿ, ಬಂದಾಗ ಕೇಳ್ತಿದ್ದಿದ್ದು "ಲೈನೇ ಬೇಡ" ಅನ್ನೋ ಒಂದೇ ಮಾತು, ಅದಕ್ಕೆ ನಮ್ಮ ಹತ್ರ ಯಾವ ಉತ್ತರನೂ ಇರ್ತಿರಲಿಲ್ಲ. "ಈ ಟವರನ್ನ ಇಷ್ಟು ದೂರ ಸರಿಸಿ, ಆ ಬದುವಿನ ಮೇಲೆ ಹಾಕಿ" ಅಂತ ನಕ್ಷೆ ಹಿಡ್ಕೊಂಡು ಬಂದೋರಿಗೆ ಎಷ್ಟೋ ಸಲ ಆಗ್ತಿತ್ತು.

ಮಾರ್ಗ ಯಾರು ತೀರ್ಮಾನ ಮಾಡ್ತಾರೆ ಅನ್ನೋದರಲ್ಲೇ ಜನಕ್ಕೆ ದೊಡ್ಡ ಗೊಂದಲ. ಪಂಚಾಯ್ತಿ ಅಲ್ಲ, ಡಿಸಿನೂ ಅಲ್ಲ. ಮೊದಲು ತೀರ್ಮಾನ ಆಗೋದು ಸ್ಟೇಷನ್ ಎಲ್ಲಿ ಅಂತ. ಅದಕ್ಕೆ ಗೋಮಾಳನೋ ಸರ್ಕಾರಿ ಜಾಗನೋ ಹುಡುಕ್ತಾರೆ, ವೋಲ್ಟೇಜ್ ಇಲ್ಲ, ಮೋಟರ್ ಸುಟ್ಟು ಹೋಗ್ತಿದೆ, ನಮ್ಮ ಹೋಬಳಿಗೆ ಸ್ಟೇಷನ್ ಕೊಡಿ ಅಂತ ಮನವಿ ಕೊಟ್ಟಿರೋದೂ ಊರವರೇ, ಜಾಗ ಸಿಕ್ಕಿದಾಗ ಖುಷಿ ಪಟ್ಟಿರೋದೂ ಊರವರೇ. ಆ ಜಾಗ ನಿಗದಿ ಆದ ದಿನವೇ ಲೈನಿನ ಒಂದು ತುದಿ ನಿಗದಿ ಆಗೋಯ್ತು, ಇನ್ನೊಂದು ತುದಿ ಹಳೇ ಸ್ಟೇಷನ್ನು ಅಥವಾ ಹಳೇ ಲೈನು. ಮಧ್ಯದ್ದು ಮಾತ್ರ ಉಳಿಯತ್ತೆ. ಆದ್ರೆ ಸ್ಟೇಷನ್ ಜಾಗದ ಚರ್ಚೆ ಆಗೋವಾಗ ಗ್ರಾಮಸಭೆಲಿ ಒಬ್ಬರೂ "ಲೈನು ಯಾವ ಕಡೆಯಿಂದ ಬರತ್ತೆ" ಅಂತ ಕೇಳಲ್ಲ. ಸ್ಥಳೀಯ ಸಂಸ್ಥೆಗೆ ನಿಜವಾಗ್ಲೂ ತೂಕ ಇರೋ ಹಂತ ಅದೇ, ಅದು ಸುಮ್ಮನೆ ಕಳೆದು ಹೋಗತ್ತೆ.

ಆಮೇಲೆ ಪ್ರಸರಣ ಕಂಪನಿಯವರು, ರಾಜ್ಯದೊಳಗಿನ ಲೈನ್ ಆದ್ರೆ ಸಾಮಾನ್ಯವಾಗಿ ಕೆಪಿಟಿಸಿಎಲ್, ಸ್ಯಾಟಲೈಟ್ ನಕ್ಷೆ ಇಟ್ಕೊಂಡು ಎರಡು ಮೂರು ದಾರಿ ಗುರುತಿಸಿ ನಡೆದು ನೋಡ್ತಾರೆ, ಊರು, ಶಾಲೆ, ಕೆರೆ, ಕಾಡು, ರೈಲ್ವೆ ದಾಟೋ ಜಾಗ ಎಲ್ಲ ಲೆಕ್ಕ ಹಾಕಿ ಒಂದನ್ನ ಆರಿಸ್ತಾರೆ. ಓವರ್‌ಹೆಡ್ ಲೈನಿಗೆ 2003ರ ವಿದ್ಯುತ್ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುಮೋದನೆ ಬೇಕು, ಖಾಸಗಿ ಜಮೀನಲ್ಲಿ ಹೋಗೋ ಅಧಿಕಾರ 164ನೇ ಸೆಕ್ಷನ್ನಿಂದ ಬರತ್ತೆ. ಈ 164 ಏನ್ಮಾಡತ್ತೆ ಅಂದ್ರೆ 1885ರ ಟೆಲಿಗ್ರಾಫ್ ಕಾಯ್ದೆಲಿ ತಂತಿ ಇಲಾಖೆಗೆ ಇದ್ದ ಅಧಿಕಾರನ ಕರೆಂಟಿನವರಿಗೆ ಕೊಡತ್ತೆ. ಬ್ರಿಟಿಷರ ಕಾಲದ ಕಾಯ್ದೆ, 2023ರ ಟೆಲಿಕಾಂ ಕಾಯ್ದೆ ಬಂದ ಮೇಲೆ ಅದು ಹೋಯ್ತಲ್ಲ ಅಂತ ಕೆಲವರು ವಾದ ಮಾಡ್ತಾರೆ, ಹೋಗಿಲ್ಲ, ವಿದ್ಯುತ್ ಲೈನಿಗೆ ಬೇಕಾದ ಭಾಗನ ಹಾಗೇ ಉಳಿಸ್ಕೊಂಡಿದಾರೆ. ಅದರ ಪ್ರಕಾರ ಜಮೀನಿನ ಮಾಲೀಕರ ಒಪ್ಪಿಗೆ ಮೊದಲೇ ತಗೋಬೇಕು ಅಂತ ಇಲ್ಲ, ಕೇಂದ್ರದ ಪ್ರಸರಣ ಕಂಪನಿ ಪವರ್‌ಗ್ರಿಡ್‌ನ ಒಂದು ಕೇಸಲ್ಲಿ 2016ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಕೇಳೋಕೆ ಕಷ್ಟ, ನಿಮ್ಮ ತೋಟಕ್ಕೆ ನಿಮ್ಮನ್ನ ಕೇಳದೆ ಬರಬಹುದು ಅಂದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ, ಆದ್ರೆ ಕಾನೂನು ಇರೋದು ಹಾಗೆ. ಒಪ್ಪಿಗೆ ಇಲ್ಲದೆ ಕೆಲಸನೇ ಮಾಡೋಹಾಗಿಲ್ಲ ಅಂತ ಯಾರಾದ್ರೂ ಹೇಳಿದ್ರೆ ಬಹುಶಃ ಊರಿಗೆ ಕರೆಂಟು ಹಂಚೋ ಎಸ್ಕಾಂನವರ 11 ಕೆವಿ ಲೈನಿನ ನಿಯಮ ಮನಸ್ಸಲ್ಲಿ ಇಟ್ಕೊಂಡು ಹೇಳ್ತಿದಾರೆ. ಅಲ್ಲಿ ಸಾಮಾನ್ಯವಾಗಿ 67ನೇ ಸೆಕ್ಷನ್ ಮತ್ತೆ 2006ರ ನಿಯಮಗಳು ಲಾಗು, ಮಾಲೀಕರ ಒಪ್ಪಿಗೆ ಮೊದಲು ಬೇಕು, ಕೊಡಲಿಲ್ಲ ಅಂದ್ರೆ ಡಿಸಿ ಅನುಮತಿ ಬೇಕು. ಎರಡನ್ನೂ ಕಲಸಿ ವಾದ ಮಾಡಿದ್ರೆ ಡಿಸಿ ಮುಂದೆ ಮೊದಲ ಐದು ನಿಮಿಷದಲ್ಲೇ ನಿಮ್ಮ ಮಾತು ಬಿದ್ದು ಹೋಗತ್ತೆ.

ಹಾಗಾದ್ರೆ ಪಂಚಾಯ್ತಿ ಠರಾವು ಯಾವ ಲೆಕ್ಕಕ್ಕೂ ಇಲ್ವಾ? ಕಾಂಟ್ರಾಕ್ಟರ್ ಕಡೆಯವರು ಹೇಳಿದ್ದು ಅರ್ಧ ನಿಜ. ನಿಮ್ಮ ಖಾಸಗಿ ಜಮೀನಿನ ಮೇಲೆ ಲೈನು ಬೇಡ ಅಂತ ಪಂಚಾಯ್ತಿ ಠರಾವು ಮಾಡಿದ್ರೆ ಅದಕ್ಕೆ ತಡೆಯೋ ಶಕ್ತಿ ಇಲ್ಲ. ಆದ್ರೆ ಅದೇ ಟೆಲಿಗ್ರಾಫ್ ಕಾಯ್ದೆಯ 10ನೇ ಸೆಕ್ಷನ್ನಲ್ಲಿ ಒಂದು ಸಾಲಿದೆ, ಸ್ಥಳೀಯ ಸಂಸ್ಥೆಯ ಆಸ್ತಿ, ಅಥವಾ ಅದರ ನಿರ್ವಹಣೆಲಿರೋ ಆಸ್ತಿ ಮೇಲೆ ಹೋಗಬೇಕಾದ್ರೆ ಆ ಸಂಸ್ಥೆಯ ಅನುಮತಿ ಬೇಕು, 12ನೇ ಸೆಕ್ಷನ್ ಪ್ರಕಾರ ಅನುಮತಿ ಕೊಡೋವಾಗ ಷರತ್ತೂ ಹಾಕಬಹುದು. ಅಂದ್ರೆ ಪಂಚಾಯ್ತಿ ರಸ್ತೆ, ಪಂಚಾಯ್ತಿಗೆ ಸೇರಿದ ಮೈದಾನ, ಅದರ ಸುಪರ್ದಿಲಿರೋ ಕಟ್ಟೆ ಇವುಗಳಿಗೆ ಅರ್ಜಿ ಹಾಕ್ಕೊಂಡು ಪಂಚಾಯ್ತಿ ಬಾಗಿಲಿಗೇ ಬರಬೇಕು (ಗೋಮಾಳ ಬೇರೆ, ಅದು ಕಂದಾಯ ಇಲಾಖೆದು). ನಿಮ್ಮ ಊರಿನ ಗಡಿಯೊಳಗೆ ಈ ಲೈನು ಇಂಥ ಜಾಗ ಎಷ್ಟು ಕಡೆ ದಾಟತ್ತೆ ಅಂತ ಪಿಡಿಒ ಜೊತೆ ಕೂತು ನಕ್ಷೆಲಿ ಗುರುತು ಹಾಕಿ. ಆಮೇಲೆ "ಲೈನು ಬೇಡ" ಅನ್ನೋ ಠರಾವಿನ ಬದಲು ಇನ್ನೊಂದು ಠರಾವು ಮಾಡಿಸಿ: ಪಂಚಾಯ್ತಿ ರಸ್ತೆ ಪಕ್ಕದಲ್ಲೋ ಹಾಳುಬಿದ್ದ ಸರ್ಕಾರಿ ಜಾಗದ ಅಂಚಲ್ಲೋ ಇಂತಿಂಥ ಸರ್ವೆ ನಂಬರಲ್ಲಿ ಹೋಗೋದಾದ್ರೆ ಅನುಮತಿ ಕೊಡ್ತೀವಿ, ತೋಟಗಳು ಇಷ್ಟು ಉಳಿಯತ್ತೆ, ಪರಿಶೀಲಿಸಿ ಅಂತ. ಇಂಥ ಠರಾವನ್ನ ಇಂಜಿನಿಯರ್ ಕಸದ ಬುಟ್ಟಿಗೆ ಹಾಕೋಕಾಗಲ್ಲ, ಯಾಕಂದ್ರೆ ನಾಳೆ ಡಿಸಿ ಕೇಳೋ ಮೊದಲ ಪ್ರಶ್ನೆನೇ "ಬದಲಿ ಮಾರ್ಗ ನೋಡಿದ್ರಾ" ಅಂತ.

ಡಿಸಿ ವಿಷಯ. ನೀವು ಕೆಲಸಕ್ಕೆ ಅಡ್ಡಿ ಮಾಡಿದ್ರೆ ಕಂಪನಿಯವರು ಅದೇ ಟೆಲಿಗ್ರಾಫ್ ಕಾಯ್ದೆಯ 16(1)ರ ಕೆಳಗೆ ಡಿಸಿ ಹತ್ರ ಹೋಗ್ತಾರೆ. ಡಿಸಿ ಎರಡೂ ಕಡೆಯವರನ್ನ ಕರೆಸಿ ಕೇಳ್ತಾರೆ, ಆಮೇಲೆ ಆರ್ಡರ್ ಮಾಡ್ತಾರೆ. ಆರ್ಡರ್ ಆದ ಮೇಲೂ ಟವರ್ ಗುಂಡಿಲಿ ಕೂತ್ಕೊಂಡ್ರೆ ಅದು ಅಪರಾಧ ಆಗತ್ತೆ, ಆಗ ಪೊಲೀಸ್ ಬರೋದು ಬೆದರಿಕೆ ಮಾತಲ್ಲ. ಹಾಗಾಗಿ ಆ ವಿಚಾರಣೆಗೆ ನೋಟಿಸ್ ಬಂದಾಗ ಊರಿನ ಇಪ್ಪತ್ತು ಜನ ಹೋಗಿ ಕೂಗಾಡೋದಕ್ಕಿಂತ ಇಬ್ಬರು ಹೋಗಿ ಬದಲಿ ನಕ್ಷೆ, ಪಂಚಾಯ್ತಿ ಠರಾವು, ಪಹಣಿ, ಮರದ ಲೆಕ್ಕ ಇಷ್ಟು ಕೊಟ್ಟು ಸ್ವೀಕೃತಿ ತಗೊಂಡು ಬಂದ್ರೆ ಲಾಭ ಜಾಸ್ತಿ. ಡಿಸಿ ತಾವೇ ಮಾರ್ಗ ಬದಲಾಯಿಸಿ ಬರೆಯೋದು ಅಪರೂಪ, ಆದ್ರೆ "ಒಂದ್ಸಲ ಜಂಟಿ ಸ್ಥಳ ಪರಿಶೀಲನೆ ಮಾಡಿ ವರದಿ ಕೊಡಿ" ಅಂತ ಹೇಳೋದುಂಟು, ಗೂಟ ಸರಿಯೋದು ಆ ಜಂಟಿ ಪರಿಶೀಲನೆಲೇ. ಎಸಿನೋ ತಹಶೀಲ್ದಾರರೋ ಬಂದಾಗ ನೀವು ತೋಟದಲ್ಲಿ ಇರಿ.

ಏನು ಕೇಳಿದ್ರೆ ಆಗತ್ತೆ ಅಂತ ಹೇಳೋಕೆ ಲೈನು ಹೇಗೆ ನಿಲ್ಲತ್ತೆ ಅಂತ ಸ್ವಲ್ಪ ಹೇಳಬೇಕು. 220 ಕೆವಿಲಿ ಎರಡು ಟವರ್ ಮಧ್ಯೆ ಸುಮಾರು 350 ಮೀಟರ್. ನೇರ ಹೋಗೋ ಕಡೆ ಇರೋ ಟವರು ತಂತಿಯ ಭಾರ ಹೊರತ್ತೆ ಅಷ್ಟೇ, ಅದು ಹಗುರ. ಲೈನು ತಿರುಗೋ ಕಡೆ ಇರೋ ಟವರ್ ಎರಡು ಕಡೆಯಿಂದ ಹಗ್ಗ ಜಗ್ಗಾಟದಲ್ಲಿ ಮಧ್ಯೆ ಸಿಕ್ಕಿಕೊಂಡ ಆಳಿನ ಥರ, ಅದಕ್ಕೆ ಕಬ್ಬಿಣ ಜಾಸ್ತಿ, ಪಾಯ ದೊಡ್ಡದು, ದುಡ್ಡು ಜಾಸ್ತಿ, ಸರ್ವೆಯವರ ಭಾಷೆಲಿ ಅದು ಆಂಗಲ್ ಪಾಯಿಂಟು. ನಿಮ್ಮ ತೋಟದಲ್ಲಿರೋದು ಆಂಗಲ್ ಟವರಾ ನೇರ ಟವರಾ ಅಂತ ಕೇಳಿ ತಿಳ್ಕೊಳ್ಳಿ, ಎಲ್ಲ ಅದರ ಮೇಲೆ ನಿಂತಿದೆ. ನೇರ ಟವರ್ ಆದ್ರೆ ಲೈನು ಹೋಗೋ ದಾರಿಲೇ ಅದನ್ನ ಹಿಂದಕ್ಕೋ ಮುಂದಕ್ಕೋ ಸ್ವಲ್ಪ ಸರಿಸೋದು ಸುಲಭ, ನಡು ತೋಟದ ಬದಲು ಬದುವಿನ ಮೇಲೆ ಅಥವಾ ನಿಮ್ಮದೇ ಕಣದ ಮೂಲೆಗೆ ತರಬಹುದು, ಬೇಕಿದ್ರೆ ಕಾಲಿಗೆ ಮೂರು ಮೀಟರೋ ಆರು ಮೀಟರೋ ಎಕ್ಸ್‌ಟೆನ್ಷನ್ ಹಾಕಿ ಎತ್ತರ ಮಾಡ್ತಾರೆ, ಇದಕ್ಕೆ ಮೇಲಿನವರ ಅಪ್ಪಣೆಗೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಆಂಗಲ್ ಪಾಯಿಂಟ್ ಸರಿಸಬೇಕು ಅಂದ್ರೆ ಎರಡೂ ಬದಿಯ ಲೈನು ಕದಲತ್ತೆ, ಅಕ್ಕಪಕ್ಕದ ಪಾಯ ಬಿದ್ದಿಲ್ಲ ಅಂದ್ರೆ ಮಾತ್ರ ಸಾಧ್ಯ, ಮತ್ತೆ ನೆನಪಿರಲಿ, ನಿಮ್ಮ ತೋಟದಿಂದ ಸರಿದಿದ್ದು ಇನ್ನೊಬ್ಬರ ತೋಟಕ್ಕೆ ಹೋಗತ್ತೆ, ಅವರೂ ನಿಮ್ಮ ಥರನೇ ಅರ್ಜಿ ಬರೀತಾರೆ. ಪೂರ್ತಿ ಬೇರೆ ಮಾರ್ಗ ಅನ್ನೋದು ಸರ್ವೆ ಹಂತದಲ್ಲಿ ಮಾತ್ರ.

ಬದಲಿ ಮಾರ್ಗದ ವಾದ ದೊಡ್ಡ ಮಟ್ಟದಲ್ಲೂ ಗೆದ್ದಿದೆ. ನಮ್ಮ ಧಾರವಾಡದ ನರೇಂದ್ರದಿಂದ ಗೋವಾಕ್ಕೆ 400 ಕೆವಿ ಲೈನು ಎಳೆಯೋಕೆ ಹೊರಟಾಗ ಗೋವಾದ ಮೊಲ್ಲೆಂ ಕಾಡಲ್ಲಿ ಹೊಸದಾಗಿ ದಾರಿ ಕಡಿಯೋ ಪ್ಲಾನ್ ಇತ್ತು. ಸುಪ್ರೀಂ ಕೋರ್ಟ್ ನೇಮಿಸಿದ ಸಿಇಸಿ ಅನ್ನೋ ಸಮಿತಿ 2021ರಲ್ಲಿ ನೋಡಿ, ಹೊಸ ಜಾಡು ಯಾಕೆ, ಈಗಾಗಲೇ ಇರೋ 220 ಕೆವಿ ಲೈನಿನ ಜಾಡಲ್ಲೇ ಹೋಗಿ ಅಂತ ಹೇಳ್ತು, 2022ರಲ್ಲಿ ಕೋರ್ಟ್ ಅದನ್ನ ಒಪ್ತು. ನಿಮ್ಮ ಹೋಬಳಿಲೂ ಹಳೇ 66 ಕೆವಿ ಲೈನು ಇದ್ರೆ ಅದರ ಜಾಡನ್ನೇ ಬಳಸ್ಕೊಂಡು ಒಂದೇ ಟವರ್ ಮೇಲೆ ಹಳೇದು ಹೊಸದು ಎರಡನ್ನೂ ತಗೊಂಡು ಹೋಗೋಕೆ ಬರತ್ತಾ ಅಂತ ಬರಹದಲ್ಲಿ ಕೇಳಿ. 66 ಕೆವಿಗೆ ತಂತಿ ಕೆಳಗೆ 18 ಮೀಟರ್ ಅಗಲದ ಜಮೀನಿನ ಪಟ್ಟಿ ಬೇಕು, 220 ಕೆವಿಗೆ 35 ಮೀಟರ್, ಹಾಗಾಗಿ ಹಳೇ ಜಾಡು ಸ್ವಲ್ಪ ಅಗಲ ಆಗತ್ತೆ, ಆದ್ರೂ ಹೊಸ ಜಾಡಿಗಿಂತ ನಷ್ಟ ಕಡಿಮೆ. ಕೆಲಸ ಆಗೋವಾಗ ಹಳೇ ಲೈನ್ ಆಫ್ ಮಾಡಬೇಕಾಗತ್ತೆ, ಅದನ್ನೇ ಅಡ್ಡಿ ಅಂತ ಹೇಳ್ತಾರೆ, ನಿಜವಾದ ಅಡ್ಡಿನೇ ಅದು, ಆದ್ರೆ ಪರಿಹಾರ ಇಲ್ಲದ್ದೇನಲ್ಲ.

ಇನ್ನು ದೊಡ್ಡವರ ಜಮೀನು ತಪ್ಪಿಸಿ ಸೊಟ್ಟಕ್ಕೆ ತಿರುಗಿಸಿದಾರೆ ಅನ್ನೋ ಮಾತು. ಹಾಗಾಗೋದೇ ಇಲ್ಲ ಅಂತ ನಾನು ಹೇಳಿದ್ರೆ ನೀವು ನಗ್ತೀರಿ. ಫೋನ್ ಬರ್ತವೆ, ಒತ್ತಡ ಬರತ್ತೆ, ಕೆಲವು ಸಲ ಗೂಟ ಸರಿಯತ್ತೆ. ಆದ್ರೆ ಲೈನು ತಿರುಗಿದ ಕಡೆಯೆಲ್ಲ ಇದೇ ಕಾರಣ ಅಲ್ಲ, ಪ್ರತಿ ತಿರುವಿಗೂ ಭಾರಿ ಟವರ್ ಬೇಕು ಅಂದ್ನಲ್ಲ, ಯಾವ ಇಂಜಿನಿಯರೂ ಸುಮ್ಮನೆ ತಿರುಗಿಸಲ್ಲ, ಅಲ್ಲೊಂದು ಕೆರೆ ಅಂಗಳ, ಕಲ್ಲು ಕ್ವಾರಿ, ಶಾಲೆ, ಬೇರೆ ಲೈನು ದಾಟೋ ಜಾಗ ಏನೋ ಇರತ್ತೆ. ಊಹೆ ಮಾಡೋ ಬದಲು ಆರ್‌ಟಿಐ ಹಾಕಿ. ಪರಿಶೀಲಿಸಿದ ಎಲ್ಲ ಮಾರ್ಗಗಳ ನಕ್ಷೆ, ಒಂದನ್ನ ಆರಿಸೋಕೆ ಕೊಟ್ಟ ಕಾರಣ, ಮಾರ್ಗ ಅನುಮೋದನೆಯ ಪ್ರತಿ, 68ರ ಅನುಮೋದನೆ, ಗೆಜೆಟ್ ಅಧಿಸೂಚನೆ, ಮತ್ತೆ ಎಲ್ಲ ಆಂಗಲ್ ಪಾಯಿಂಟ್‌ಗಳ ಅಕ್ಷಾಂಶ ರೇಖಾಂಶ. ಈ ಕೊನೆದೇ ಮುಖ್ಯ, ಯಾಕಂದ್ರೆ ಅನುಮೋದನೆ ಆದ ಅಕ್ಷಾಂಶ ರೇಖಾಂಶನ ಗೂಗಲ್ ಅರ್ಥ್‌ನಲ್ಲಿ ಹಾಕಿ ಈಗ ಹೊಡೆದಿರೋ ಗೂಟಕ್ಕೆ ಹೋಲಿಸಿದ್ರೆ ಅನುಮೋದನೆ ಆದ ಮೇಲೆ ಏನಾದ್ರೂ ಸರಿದಿದೆಯಾ ಅಂತ ನಿಮ್ಮ ಮೊಬೈಲಲ್ಲೇ ಗೊತ್ತಾಗತ್ತೆ. ಸರಿದಿದ್ರೆ, ಕಾರಣ ಫೈಲಲ್ಲಿ ಇಲ್ಲದಿದ್ರೆ, ಆಗ ನಿಮಗೆ ಡಿಸಿ ಮುಂದೆ ಇಡೋಕೆ ಸಾಕ್ಷಿ ಸಿಕ್ತು. ಉತ್ತರಕ್ಕೆ 30 ದಿನ ಇದೆ, ಅದಕ್ಕೇ ಇವತ್ತೇ ಹಾಕಿ ಅನ್ನೋದು.

ನೆಲದೊಳಗೆ ಕೇಬಲ್ ಹಾಕಿ ಅಂತ ಕೇಳೋ ಹಕ್ಕು ಎಲ್ಲರಿಗೂ ಇದೆ, ಸಿಗೋ ಸಾಧ್ಯತೆ ನಿಮ್ಮ ಕಡೆ ತೀರ ಕಡಿಮೆ. ಬೆಂಗಳೂರಲ್ಲಿ 66 ಕೆವಿ, 220 ಕೆವಿ ಎರಡೂ ರಸ್ತೆ ಕೆಳಗೆ ಹೋಗಿವೆ, ಅಲ್ಲಿ ಟವರ್ ನಿಲ್ಲಿಸೋಕೆ ಜಾಗನೇ ಇಲ್ಲ. ಖರ್ಚು ಓವರ್‌ಹೆಡ್‌ಗಿಂತ ಹಲವು ಪಟ್ಟು, ಅದು ಕೊನೆಗೆ ನಮ್ಮ ನಿಮ್ಮ ಬಿಲ್ಲಿಗೇ ಬರತ್ತೆ. ತೋಟದವರಿಗೆ ಇದರಲ್ಲಿ ಇನ್ನೊಂದು ತೊಂದರೆ ಇದೆ, ಕೇಬಲ್ ಮೇಲೂ ತೆಂಗು ಅಡಿಕೆ ಇಡೋಹಾಗಿಲ್ಲ, ಆಳಕ್ಕೆ ಉಳುಮೆ ಮಾಡೋಹಾಗಿಲ್ಲ, ಕೆಟ್ರೆ ಜಾಗ ಹುಡುಕಿ ಅಗೆದು ಜಾಯಿಂಟ್ ಹಾಕೋಕೆ ವಾರಗಟ್ಟಲೆ. ಓವರ್‌ಹೆಡ್ ತಂತಿ ಕಿತ್ತು ಹೋದ್ರೆ ಒಂದೆರಡು ದಿನದ ಕೆಲಸ. ತೋಟದ ಮಟ್ಟಿಗೆ ನೆಲದೊಳಗಿನ ಕೇಬಲ್ ಅಂಥಾ ವರ ಏನಲ್ಲ. ಅದರ ಬದಲು ಮೊನೊಪೋಲ್ (ಒಂದೇ ಕಂಬದ ಟವರ್) ಅಥವಾ ಕಿರಿದಾದ ಬುಡದ ಟವರ್ ಕೇಳಿ ನೋಡಿ, ಬುಡಕ್ಕೆ ಹೋಗೋ ಜಾಗ ಉಳಿಯತ್ತೆ, ಆದ್ರೆ ತಂತಿ ಕೆಳಗಿನ ಮರಗಳಂತೂ ಹೋಗತ್ತೆ.

ಈಗ ದುಡ್ಡು. ಟವರ್ ಬುಡದ ಜಾಗಕ್ಕೇ ದೊಡ್ಡ ಪರಿಹಾರ ಅಂತ ಎಲ್ಲರೂ ಅಂದ್ಕೊಂಡಿರ್ತಾರೆ, ಲೆಕ್ಕ ಹಾಕಿದ್ರೆ ಉಲ್ಟಾ. ಕೇಂದ್ರ ವಿದ್ಯುತ್ ಸಚಿವಾಲಯದ 2015ರ ಮಾರ್ಗಸೂಚಿಲಿ 66 ಕೆವಿ ಮತ್ತೆ ಅದರ ಮೇಲಿನ ಲೈನಿಗೆ ಟವರ್ ಬುಡಕ್ಕೆ ಜಮೀನಿನ ಬೆಲೆಯ 85 ಪರ್ಸೆಂಟು, ತಂತಿ ಕೆಳಗಿನ ಪಟ್ಟಿಗೆ ಹೆಚ್ಚೆಂದ್ರೆ 15 ಪರ್ಸೆಂಟು ಇತ್ತು. 2024ರ ಜೂನ್‌ನಲ್ಲಿ ಅದನ್ನ ಬುಡಕ್ಕೆ 200 ಪರ್ಸೆಂಟು, ಪಟ್ಟಿಗೆ 30 ಪರ್ಸೆಂಟು ಮಾಡಿದ್ರು, ಬುಡ ಅಂದ್ರೆ ನಾಲ್ಕು ಕಾಲಿನ ಮಧ್ಯದ ಜಾಗ ಮತ್ತೆ ಸುತ್ತ ಒಂದೊಂದು ಮೀಟರ್. 2025ರ ಮಾರ್ಚ್‌ನಲ್ಲಿ ನಗರಗಳ ಪಟ್ಟಿಗೆ ಇನ್ನೂ ಜಾಸ್ತಿ ಮಾಡಿದ್ರು, ಹಳ್ಳಿಗೆ 30 ಹಾಗೇ ಇದೆ. ಇದು ಕೇಂದ್ರದ್ದು, ರಾಜ್ಯದೊಳಗಿನ ಲೈನಿಗೆ ರಾಜ್ಯ ಪೂರ್ತಿ ಒಪ್ಕೋಬಹುದು, ಬದಲಾಯಿಸ್ಕೊಂಡೂ ಒಪ್ಕೋಬಹುದು, ಅದಕ್ಕೆ ನಿಮ್ಮ ಲೈನಿಗೆ ಯಾವ ತಾರೀಕಿನ ಯಾವ ಆದೇಶ ಲಾಗು ಅಂತ ಡಿಸಿ ಆಫೀಸಿಂದ ಬರಹದಲ್ಲಿ ತಗೊಳ್ಳಿ, ಬಾಯಿಮಾತು ನಂಬಬೇಡಿ.

ಒಂದು ಉದಾಹರಣೆ ಲೆಕ್ಕ. ಲೈನು ನಿಮ್ಮ ತೋಟದಲ್ಲಿ 160 ಮೀಟರ್ ಉದ್ದ ಹೋಗತ್ತೆ ಅಂತ ಇಟ್ಕೊಳ್ಳಿ, 35 ಮೀಟರ್ ಅಗಲ, ಒಟ್ಟು 5,600 ಚದರ ಮೀಟರ್, ಅಂದ್ರೆ ಹೆಚ್ಚೂಕಮ್ಮಿ 1 ಎಕರೆ 15 ಗುಂಟೆ. ಎಕರೆಗೆ 20 ಲಕ್ಷ ಅಂತ ಬೆಲೆ ಕಟ್ಟಿದ್ರೆ ಪಟ್ಟಿಯ ಬೆಲೆ ಸುಮಾರು 27.5 ಲಕ್ಷ, ಅದರ 30 ಪರ್ಸೆಂಟು 8 ಲಕ್ಷ 25 ಸಾವಿರ. ಟವರ್ ಬುಡ ಹತ್ತು ಹತ್ತು ಮೀಟರ್ ಅಂದ್ರೆ ಒಂದು ಗುಂಟೆ, ಬೆಲೆ 50 ಸಾವಿರ, ಅದರ 200 ಪರ್ಸೆಂಟು ಅಂದ್ರೆ ಒಂದು ಲಕ್ಷ. ನೋಡಿದ್ರಾ, ಊರೆಲ್ಲ ಜಗಳ ಆಡೋದು ಆ ಒಂದು ಗುಂಟೆಗೆ, ದುಡ್ಡು ಇರೋದು ಪಟ್ಟಿಲಿ. ಹಾಗಾಗಿ ನೀವು ಗಮನ ಇಡಬೇಕಾಗಿರೋದು ಎರಡರ ಮೇಲೆ, ಪಟ್ಟಿಯ ಉದ್ದ ಸರಿಯಾಗಿ ಅಳೆದಿದಾರಾ, ಮತ್ತೆ ಎಕರೆಗೆ ಯಾವ ಬೆಲೆ ಹಿಡಿದಿದಾರೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಮಾರ್ಗಸೂಚಿ ದರನೇ ಹಿಡಿದ್ರೆ ಬಾಗಾಯ್ತು ಜಮೀನಿಗೆ ನ್ಯಾಯ ಆಗಲ್ಲ, ಮಾರುಕಟ್ಟೆ ಬೆಲೆ ಜಾಸ್ತಿ ಇದ್ರೆ ಸಮಿತಿ ಮೂಲಕ ನಿಗದಿ ಮಾಡೋಕೆ ಹೊಸ ಮಾರ್ಗಸೂಚಿಲಿ ದಾರಿ ಇದೆ, ಅಕ್ಕಪಕ್ಕ ಇತ್ತೀಚೆಗೆ ಆದ ಕ್ರಯಪತ್ರಗಳ ನಕಲು ತೆಗೆಸಿ ಇಟ್ಕೊಳ್ಳಿ. ಪಹಣಿಲಿ ಬೆಳೆ ಕಾಲಂ ನೋಡಿ, ಅಡಿಕೆ ಫಸಲಿಗೆ ಬಂದಿದ್ರೂ ಪಹಣಿಲಿ ರಾಗಿ ಅಂತ ಇದ್ರೆ ಮೊದಲು ಅದನ್ನ ಸರಿ ಮಾಡಿಸಿ.

ಮರದ ಪರಿಹಾರ ಇದಕ್ಕೆ ಸೇರಲ್ಲ, ಬೇರೆನೇ. ತೋಟಗಾರಿಕೆ ಇಲಾಖೆಯವರು ಮರದ ವಯಸ್ಸು, ಇಳುವರಿ ನೋಡಿ ಬೆಲೆ ಕಟ್ತಾರೆ. ಮಹಜರ್ ದಿನ ಎದುರಿಗೇ ಇರಿ. ಪ್ರತಿ ಮರಕ್ಕೂ ಬಣ್ಣದಲ್ಲಿ ನಂಬರ್ ಹಾಕಿಸಿ, ನಂಬರ್ ಕಾಣೋಹಾಗೆ ಫೋಟೋ ತೆಗೀರಿ, ಫಸಲಿನ ಮರ ಎಷ್ಟು ಎಳೇದೆಷ್ಟು ಅಂತ ಮಹಜರಲ್ಲಿ ಬೇರೆ ಬೇರೆ ಬರೆಸಿ, ಅಡಿಕೆ ಮಾರಿದ ಮಂಡಿ ಬಿಲ್ಲು, ಕೊಬ್ಬರಿ ಬಿಲ್ಲು ಲಗತ್ತಿಸಿ. ಖಾಲಿ ಮಹಜರ್ ಹಾಳೆಗೆ "ಆಮೇಲೆ ತುಂಬ್ಕೋತೀವಿ" ಅಂತ ಸಹಿ ಕೇಳಿದ್ರೆ ಹಾಕಬೇಡಿ. ಪಾಯ ತೆಗೆಯೋವಾಗ, ಟವರ್ ನಿಲ್ಲಿಸೋವಾಗ, ತಂತಿ ಎಳೆಯೋವಾಗ, ಮೂರು ಸಲ ತೋಟದೊಳಗೆ ಬರ್ತಾರೆ, ಮೂರು ಸಲವೂ ಆಗೋ ಹಾನಿಗೆ ಬೇರೆ ಬೇರೆ ಲೆಕ್ಕ ಬರೆಸಬೇಕು, ಡ್ರಿಪ್ ಪೈಪು ತುಳಿದು ಒಡೆದಿದ್ದೂ ಸೇರಿ. ಕೊಟ್ಟಿದ್ದು ಸಾಲಲ್ಲ ಅನ್ಸಿದ್ರೆ ದುಡ್ಡು ತಗೊಳ್ಳೋವಾಗ ಆಕ್ಷೇಪಣೆ ಉಳಿಸ್ಕೊಂಡು ತಗೋತಿದೀನಿ ಅಂತ ಬರೆದು ಸಹಿ ಹಾಕಿ, ಟೆಲಿಗ್ರಾಫ್ ಕಾಯ್ದೆಯ 16(3)ರ ಕೆಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಕೇರಳದ ಒಂದು ಕೇಸಲ್ಲಿ 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿರೋ ಪ್ರಕಾರ ಜಮೀನು ಎಲ್ಲಿದೆ, ಲೈನು ಯಾವ ಎತ್ತರದಲ್ಲಿ ಹೇಗೆ ಹಾದು ಹೋಗಿದೆ, ಬಾಕಿ ಜಮೀನಿನ ಉಪಯೋಗ ಎಷ್ಟು ಕಮ್ಮಿ ಆಯ್ತು ಇದೆಲ್ಲ ಕೋರ್ಟ್ ನೋಡಬೇಕು, ಎಲ್ಲರಿಗೂ ಒಂದೇ ಸೂತ್ರ ಅಂತ ಇಲ್ಲ. ವರ್ಷಗಳು ಹಿಡಿಯತ್ತೆ, ಅದೂ ಗೊತ್ತಿರಲಿ.

ಜಮೀನು ನಿಮ್ಮ ಹೆಸರಲ್ಲೇ ಇರತ್ತೆ. ಇದು ಭೂಸ್ವಾಧೀನ ಅಲ್ಲ, ಕಂಪನಿಗೆ ಬರೋದು ಬಳಸೋ ಹಕ್ಕು ಮಾತ್ರ, ಪಹಣಿಲಿ ಮಾಲೀಕರ ಹೆಸರು ಬದಲಾಗಲ್ಲ, ಸಾಲ ಕೇಳೋಕೆ, ಮಾರೋಕೆ ಕಾನೂನಿನ ಅಡ್ಡಿ ಇಲ್ಲ. ಆದ್ರೆ ಬ್ಯಾಂಕಿನವರು ಬಂದು ನೋಡಿದಾಗ ಆ ಪಟ್ಟಿಗೆ ಬೆಲೆ ಕಮ್ಮಿ ಕಟ್ತಾರೆ, ಅಲ್ಲಿ ಮನೆ ಕಟ್ಟೋಹಾಗಿಲ್ಲ, ಸೈಟ್ ಮಾಡೋಹಾಗಿಲ್ಲ, ಪರಿಹಾರ ಕೊಡೋದೇ ಆ ನಷ್ಟಕ್ಕೆ. ಈ ಸಾಲಿನ ಫಸಲಿನ ಮೇಲೆ ಈಗಾಗಲೇ ಸಾಲ ಇದ್ರೆ ಮರ ಕಡಿಯೋ ಮುಂಚೆ ಬ್ಯಾಂಕಿಗೂ ಒಂದು ಪತ್ರ ಕೊಟ್ಟಿಡಿ.

ಮಗುವಿನ ವಿಷಯ ಕೊನೆಗೆ ಇಟ್ಟಿದ್ದು ಅದು ಚಿಕ್ಕದು ಅಂತ ಅಲ್ಲ, ನಿಧಾನವಾಗಿ ಹೇಳಬೇಕು ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ ಕರೆಂಟಿನ ಕಾಂತಕ್ಷೇತ್ರನ 2ಬಿ ಗುಂಪಿಗೆ ಹಾಕ್ತು, "ಕ್ಯಾನ್ಸರ್ ತರಬಹುದೇನೋ, ಸಾಕ್ಷಿ ಸಾಲದು" ಅನ್ನೋ ಗುಂಪು ಅದು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿನೂ ಅದೇ ಗುಂಪಲ್ಲಿದೆ. ಹಾಗಂತ ಅದನ್ನ ತಮಾಷೆ ಮಾಡಿ ತಳ್ಳಿಹಾಕಲ್ಲ, ಆ ವರ್ಗೀಕರಣಕ್ಕೆ ಕಾರಣ ಮಕ್ಕಳ ರಕ್ತದ ಕ್ಯಾನ್ಸರ್ ಬಗ್ಗೆ ಆದ ಅಧ್ಯಯನಗಳು, ಮನೆಯೊಳಗೆ ಸದಾ 0.3ರಿಂದ 0.4 ಮೈಕ್ರೊಟೆಸ್ಲಾಗಿಂತ (ಕಾಂತಕ್ಷೇತ್ರ ಅಳೆಯೋ ಮಾನ) ಜಾಸ್ತಿ ಇರೋ ಕಡೆ ಸ್ವಲ್ಪ ಹೆಚ್ಚು ಕೇಸ್ ಕಂಡಿತ್ತು, ಆದ್ರೆ ಲೈನೇ ಕಾರಣ ಅಂತ ಸಾಬೀತಾಗಿಲ್ಲ, ದೇಹದಲ್ಲಿ ಅದು ಹೇಗೆ ಆಗತ್ತೆ ಅನ್ನೋದಕ್ಕೂ ವಿವರಣೆ ಸಿಕ್ಕಿಲ್ಲ. ಜನಸಾಮಾನ್ಯರಿಗೆ ಅಂತರರಾಷ್ಟ್ರೀಯ ಮಿತಿ 200 ಮೈಕ್ರೊಟೆಸ್ಲಾ, 220 ಕೆವಿ ತಂತಿಯ ನೇರ ಕೆಳಗೆ ನಿಂತ್ರೂ ಸಾಮಾನ್ಯವಾಗಿ ಕೆಲವೇ ಮೈಕ್ರೊಟೆಸ್ಲಾ, ದೂರ ಹೋದಹಾಗೆ ಬೇಗ ಇಳಿಯತ್ತೆ. ನಿಮ್ಮ ಮನೆ ಮಧ್ಯದ ಗೆರೆಯಿಂದ 40 ಮೀಟರ್, ಪಟ್ಟಿ ಮುಗಿಯೋದು 17.5 ಮೀಟರ್‌ಗೆ, ಹಾಗಾಗಿ ನೀವು ಸಾಕಷ್ಟು ಆಚೆ ಇದೀರಿ. ನನ್ನ ಮನೆ ಆಗಿದ್ರೆ ಆ ದೂರದಲ್ಲಿ ಮನೆ ಬಿಟ್ಟು ಹೋಗ್ತಿರಲಿಲ್ಲ, ಆದ್ರೆ ಹೊಸದಾಗಿ ಕಟ್ಟೋದಾದ್ರೆ ಆ ಕಡೆಗೆ ಮಲಗೋ ಕೋಣೆ ಇಡ್ತಿರಲಿಲ್ಲ. ಸಮಾಧಾನ ಆಗ್ಲಿಲ್ಲ ಅಂದ್ರೆ ಲೈನು ಚಾರ್ಜ್ ಆದ ಮೇಲೆ ಮನೆಯೊಳಗೆ ಅಳತೆ ಮಾಡಿಕೊಡಿ ಅಂತ ಕಂಪನಿಗೆ ಪತ್ರ ಬರೀರಿ. ಮೊಬೈಲ್ ಆ್ಯಪಲ್ಲಿ ಮಾತ್ರ ನೋಡಬೇಡಿ, ಅದು 40 ಅಂತ ತೋರಿಸತ್ತೆ, ಜನ ಗಾಬರಿ ಆಗಿ ವಿಡಿಯೋ ಮಾಡಿ ಕಳಿಸ್ತಾರೆ, ಆ 40 ಭೂಮಿಯದೇ ಕಾಂತಕ್ಷೇತ್ರ, ಲೈನ್ ಇಲ್ಲದ ಊರಲ್ಲೂ ಅಷ್ಟೇ ತೋರಿಸತ್ತೆ.

ಹಸು ಹಾಲು ಕಮ್ಮಿ ಕೊಡತ್ತೆ, ಮಳೆ ಹೋಗತ್ತೆ ಇವೆಲ್ಲ ಸುಳ್ಳು. ತೇವ ಇರೋ ಬೆಳಗಿನ ಜಾವ ಚುರ್ ಅಂತ ಸದ್ದು ಬರೋದು ನಿಜ, ಅಪಾಯ ಇಲ್ಲ. ಲೈನಿಗೆ ಸಮಾನಾಂತರವಾಗಿ ಉದ್ದಕ್ಕೆ ತಂತಿ ಬೇಲಿ ಇದ್ರೆ ಮುಟ್ಟಿದಾಗ ಜುಂ ಅನ್ನತ್ತೆ, ಅದೂ ನಿಜ, ಅಲ್ಲಲ್ಲಿ ಬೇಲಿನ ಅರ್ಥ್ ಮಾಡಿಸಿ, ತಗಡಿನ ಶೆಡ್ ಇದ್ರೆ ಅದನ್ನೂ. ಪಟ್ಟಿಲಿ ರಾಗಿ, ತರಕಾರಿ, ಹೂವು, ಹಿಪ್ಪುನೇರಳೆ ಧಾರಾಳವಾಗಿ ಬೆಳೀಬಹುದು.

ಕ್ಯಾನ್ಸರಿಗಿಂತ ನನಗೆ ಭಯ ಇರೋದು ಬೇರೆದಕ್ಕೆ, ಲೈನ್ ಕೆಳಗೆ ಜನ ಸಾಯೋದನ್ನ ನಮ್ಮ ಕಡೆ ನೋಡಿರೋದು ಅದರಿಂದ. 220 ಕೆವಿ ತಂತಿ ಜೋತುಬಿದ್ದ ಜಾಗದಲ್ಲಿ ನೆಲದಿಂದ ಕನಿಷ್ಠ 7 ಮೀಟರ್ ಎತ್ತರ ಇರಬೇಕು ಅಂತ ನಿಯಮ, ಬೇಸಿಗೆ ಮಧ್ಯಾಹ್ನ ಲೋಡ್ ಇದ್ದಾಗ ತಂತಿ ಬಿಸಿಯಾಗಿ ಇನ್ನಷ್ಟು ಇಳಿಯತ್ತೆ, ಈ 7 ಮೀಟರ್ ಆ ಹೊತ್ತಿನ ಲೆಕ್ಕ. ಅಡಿಕೆ ಕೊಯ್ಯೋಕೆ, ಔಷಧಿ ಹೊಡೆಯೋಕೆ ಈಗ ಬಂದಿರೋ ಕಾರ್ಬನ್ ಫೈಬರ್ ದೋಟಿ ಅದಕ್ಕಿಂತ ಎಷ್ಟೋ ಉದ್ದ, ಹಗುರ ಇದೆ ಅಂತ ನಿಲ್ಲಿಸಿಕೊಂಡೇ ಒಂದು ಸಾಲಿಂದ ಇನ್ನೊಂದು ಸಾಲಿಗೆ ನಡೀತಾರೆ, ಅದು ಬಿದಿರಲ್ಲ, ಕರೆಂಟು ಸಲೀಸಾಗಿ ಹರಿಯತ್ತೆ, ತಂತಿಗೆ ತಾಗಬೇಕು ಅಂತನೂ ಇಲ್ಲ, ಹತ್ರ ಹೋದ್ರೆ ಸಾಕು. ಪಟ್ಟಿ ಪಕ್ಕದ ಸಾಲುಗಳಲ್ಲಿ ಕೊಯ್ಲು ಮಾಡಿಸೋವಾಗ ದೋಟಿ ಮಡಚಿ ಅಡ್ಡಕ್ಕೆ ಹಿಡ್ಕೊಂಡೇ ಓಡಾಡಬೇಕು ಅಂತ ಕೊನೆಗಾರರಿಗೆ ಹೇಳಿ, ಬೋರ್‌ವೆಲ್ ಲಾರಿನ ಪಟ್ಟಿಯೊಳಗೆ ನಿಲ್ಲಿಸಿ ಮಾಸ್ಟ್ ಎತ್ತೋಕೆ ಬಿಡಬೇಡಿ, ಹೊಸ ಬೋರ್ ಪಾಯಿಂಟ್ ಅಲ್ಲೇ ಬಿದ್ದಿದೆ ಅಂತ ನೀರು ನೋಡೋರು ಎಷ್ಟು ಹೇಳಿದ್ರೂ ಸರಿ.